ಡೈರಿಗೆ ಹಾಲು ಹೋಗುವ ಹೊತ್ತು, ಮಗು ಮಲಗುವ ಹೊತ್ತು

ಅರಸೀಕೆರೆ ಸೀಮೆಯ ಬಾಣಾವರದ ಸುತ್ತಿನ ಹೊಲದ ಬದುಗಳಲ್ಲಿ ನಿಂತ ಹುಣಸೆ ಮರಗಳನ್ನು ಹೊತ್ತು ಮುಳುಗುವಾಗ ಒಮ್ಮೆ ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ; ಬೆಳಗಾದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಅಲೆಕ್ಸಾಂಡರನ ನೌಕಾಪಡೆಯಲ್ಲಿದ್ದ ಆಂಡ್ರೊಸ್ಥೆನಿಸ್ ಸುಮಾರು 2300 ವರ್ಷಗಳ ಹಿಂದೆ, ಈಗ ಬಹರೇನ್ ಎನ್ನುವ ದ್ವೀಪದಲ್ಲಿ ಇದನ್ನೇ ಕಂಡು ಬರೆದಿಟ್ಟಿದ್ದ. ಸೂರ್ಯ ಹೇಳಿದಂತೆ ಎಲೆ ಕೇಳುತ್ತದೆ ಎಂದೇ ಎಲ್ಲರೂ ನಂಬಿದ್ದರು. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್, ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ಪರೀಕ್ಷಿಸಿದ. ಬಿಸಿಲು ತಾಗದಿದ್ದರೂ ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿಯ ಹೊತ್ತಿಗೆ ಮಡಚಿತು. ಗಡಿಯಾರ ಗಿಡದ ಒಳಗೇ ಇತ್ತು.

ನಮ್ಮ ಮಕ್ಕಳ ಒಳಗೂ ಇದೆ. ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟುವ ಜಾಗದ ಮೇಲ್ಗಡೆ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ನಿದ್ದೆ ಯಾವಾಗ, ಎಚ್ಚರ ಯಾವಾಗ, ಮೈ ಬಿಸಿ ಯಾವಾಗ ಇಳಿಯಬೇಕು ಎಂಬುದಕ್ಕೆಲ್ಲ ತಾಳ ಹಾಕುವುದು ಇದೇ. ಇಂಥ ಗಡಿಯಾರವನ್ನು ಜೀನುಗಳು ನಡೆಸುವ ಬಗೆಯನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಸಿಕ್ಕಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದ ವಿಜ್ಞಾನಿಗಳು ಇನ್ನೊಂದು ಸೊಗಸಾದ ಕೆಲಸ ಮಾಡಿದ್ದಾರೆ. ಬೆಳಗ್ಗೆ ಕೋಶ ಒಡೆದು ಹೊರಬರುವ ನೊಣಗಳನ್ನೇ ಆರಿಸಿ ಒಂದು ಸಂತತಿ, ಸಂಜೆ ಬರುವವನ್ನೇ ಆರಿಸಿ ಇನ್ನೊಂದು ಸಂತತಿ ಎಂದು ತಲೆಮಾರುಗಟ್ಟಲೆ ಬೆಳೆಸಿದರು. ಬೆಳಗಿನವುಗಳ ಒಳಗಡಿಯಾರ ಚುರುಕಾಯಿತು, ಸಂಜೆಯವುಗಳದ್ದು ನಿಧಾನವಾಯಿತು. ಒಂದೇ ಮನೆಯಲ್ಲಿ ದೊಡ್ಡದು ಕೋಳಿ ಕೂಗುವ ಮೊದಲೇ ಎದ್ದು ಕೂತರೆ, ಚಿಕ್ಕದು ಎಷ್ಟು ಎಬ್ಬಿಸಿದರೂ ಮಗ್ಗುಲು ಬದಲಿಸುವುದು ಹಠವಲ್ಲ. ಅದರಲ್ಲಿ ಹುಟ್ಟುಗುಣದ ಪಾಲು ಇದೆ.

ಆದರೆ ಈ ಗಡಿಯಾರ ಹುಟ್ಟುವಾಗಲೇ ಸರಿಯಾಗಿ ಓಡುತ್ತಿರುವುದಿಲ್ಲ. ಹೊಟ್ಟೆಯೊಳಗಿದ್ದಾಗ ಕತ್ತಲಿನ ಸುದ್ದಿ ತಲುಪಿಸುವ ಮೆಲಟೋನಿನ್ ಎಂಬ ಹಾರ್ಮೋನು ತಾಯಿಯಿಂದಲೇ ಮಗುವಿಗೆ ಬರುತ್ತಿರುತ್ತದೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಮಗು ತನ್ನದೇ ತಾಳ ಹಿಡಿಯಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ರಾತ್ರಿಯ ಎದೆಹಾಲು ಸ್ವಲ್ಪ ಆಸರೆ: ಅದರಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಕಡೆ ಬಾಣಂತಿ ಕೋಣೆಗೆ ಬಾಗಿಲು ಕಿಟಕಿ ಮುಚ್ಚಿ, ಸೀರೆಯ ಪರದೆ ಇಳಿಬಿಟ್ಟು, ಹಗಲಲ್ಲೂ ಮಬ್ಬು ಮಾಡಿಡುವುದುಂಟು. ಶೀತ ಗಾಳಿಯ ಭಯ, ದೃಷ್ಟಿಯ ಭಯ. ತಾಯಿಗೆ ಬೆಚ್ಚಗಿನ ವಿಶ್ರಾಂತಿ ಬೇಕು ಎಂಬ ಹಿರಿಯರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಗಾಳಿಗೆ ಹೆದರಿ ಬೆಳಕನ್ನೂ ಹೊರಗಿಡುವುದು ಬೇಡ. ಇಂಗ್ಲೆಂಡಿನ ವೋನ್ ಹ್ಯಾರಿಸನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ಚೆನ್ನಾಗಿ ಮಲಗುವ ಎಳೆಗೂಸುಗಳು ಮಧ್ಯಾಹ್ನ 12ರಿಂದ 4ರ ನಡುವೆ ಉಳಿದ ಕೂಸುಗಳಿಗಿಂತ ಹೆಚ್ಚು ಬೆಳಕು ಕಂಡಿದ್ದವು. ಕಿಟಕಿಯ ಗಾಜು ಮುಚ್ಚಿರಲಿ, ಪರದೆ ಸರಿಸಿ. ರಾತ್ರಿ ಹಾಲೂಡುವಾಗ ಟ್ಯೂಬ್‌ಲೈಟ್ ಹಾಕದೆ ಜೀರೋ ಕ್ಯಾಂಡಲ್ ಬಲ್ಬಿನಲ್ಲೇ ಮುಗಿಸಿ. ಹಗಲು ರಾತ್ರಿಯ ವ್ಯತ್ಯಾಸವನ್ನು ಮಗು ಕಲಿಯುವುದು ಹೀಗೆಯೇ.

ಊರಿಗೊಂದು ಅನುಕೂಲವಿದೆ, ಒಂದು ತೊಡಕೂ ಇದೆ. ಬಾಣಾವರ ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರ. ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವ ದೇಶಗಳ ತಾಯಂದಿರು ಮಕ್ಕಳನ್ನು ಮಲಗಿಸಲು ಪಡುವ ಪಾಡು ಇಲ್ಲಿಲ್ಲ. ತೊಡಕು ಗೋಡೆ ಗಡಿಯಾರದ್ದು. ಭಾರತದ ಸಮಯ ನಿಗದಿಯಾಗಿರುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ಬಾಣಾವರ ಅದಕ್ಕಿಂತ ಆರು ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿರುವುದರಿಂದ ಇಲ್ಲಿನ ಸೂರ್ಯ ಸುಮಾರು 25 ನಿಮಿಷ ಹಿಂದಿರುತ್ತಾನೆ. ಶಾಲೆ, ಬಸ್ಸು ಗಡಿಯಾರದ ಮಾತು ಕೇಳುತ್ತವೆ, ಮಗುವಿನ ಮೈ ಸೂರ್ಯನ ಮಾತು ಕೇಳುತ್ತದೆ. ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಭಾರತದ ಅಂಕಿಅಂಶಗಳನ್ನು ಪರಿಶೀಲಿಸಿ, ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಅರ್ಧ ಗಂಟೆ ಕಡಿಮೆಯಾಗುತ್ತದೆ ಎಂದು ತೋರಿಸಿದ್ದಾರೆ. ತಡವಾಗಿ ಮಲಗಿದರೂ ಶಾಲೆಯ ಗಂಟೆ ಕಾಯುವುದಿಲ್ಲವಲ್ಲ.

ಹಾಗಾದರೆ ಮನೆಯ ದಿನಚರಿಯನ್ನು ಯಾವುದಕ್ಕೆ ಕಟ್ಟಬೇಕು? ಗೋಡೆಗೆ ಅಂಟಿಸಿದ ವೇಳಾಪಟ್ಟಿಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅರಸೀಕೆರೆ ಸೀಮೆಯ ರಾಗಿ ಹೊಲ, ತೆಂಗಿನ ತೋಟದ ಮನೆಗಳಲ್ಲಿ ತಪ್ಪದೆ ನಡೆಯುವ ಕೆಲಸವೊಂದು ಈಗಾಗಲೇ ಇದೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಡೈರಿಗೆ ಹೋಗಲೇಬೇಕು. ಹಸು ಭಾನುವಾರವೆಂದು ಕಾಯುವುದಿಲ್ಲ. "ಏಳವ್ವಾ, ಡೈರಿ ಟೈಮಾಯ್ತು, ಕರ ಬಿಡ್ಬೇಕು" ಎಂದು ಅಜ್ಜಿ ಎಬ್ಬಿಸಿದರೆ ಮೂರು ವರ್ಷದ ಮೊಮ್ಮಗಳು ಕಣ್ಣುಜ್ಜುತ್ತಾ ಕೊಟ್ಟಿಗೆಯವರೆಗೆ ಬರುತ್ತಾಳೆ. ಕರು ಕೆಚ್ಚಲಿಗೆ ಗುದ್ದುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಆ ಹತ್ತು ಹದಿನೈದು ನಿಮಿಷದ ಎಳೆ ಬೆಳಕು ಅವಳ ಒಳಗಡಿಯಾರವನ್ನು ಆ ದಿನಕ್ಕೆ ತಿದ್ದಿಬಿಡುತ್ತದೆ. ಮನುಷ್ಯರ ಒಳಗಡಿಯಾರ ಸಾಮಾನ್ಯವಾಗಿ 24 ಗಂಟೆಗಿಂತ ತುಸು ನಿಧಾನ. ಬೆಳಗಿನ ಬೆಳಕು ದಿನವೂ ತಿದ್ದದಿದ್ದರೆ ಅದು ಹಿಂದೆ ಹಿಂದೆ ಜಾರುತ್ತದೆ. ಹಸು ಇಲ್ಲದ ಮನೆಯಲ್ಲಿ ಅಂಗಳ ಗುಡಿಸಿ ರಂಗೋಲಿ ಬಿಡುವ ಹೊತ್ತು, ನಲ್ಲಿ ನೀರು ಬರುವ ಹೊತ್ತು, ದಿನಾ ಹಾದುಹೋಗುವ ರೈಲಿನ ಹೊತ್ತು, ಯಾವುದಾದರೂ ಆದೀತು. ಎಬ್ಬಿಸುವ ಹೊತ್ತು ಒಂದೇ ಆಗಿರಬೇಕು, ಎದ್ದ ಮಗು ಹೊರಗೆ ಬರಬೇಕು.

ಸಂಜೆಯ ತುದಿಯಲ್ಲಿ ಹೊತ್ತಿಗಿಂತ ಕ್ರಮ ಮುಖ್ಯ. ಎಳೆ ಮಕ್ಕಳಿಗೆ ಗಂಟೆ ತಿಳಿಯದು, ಒಂದರ ಹಿಂದೆ ಒಂದು ಏನು ಬರುತ್ತದೆ ಎಂಬುದು ಮಾತ್ರ ಬಹಳ ಬೇಗ ತಿಳಿಯುತ್ತದೆ. 1996ರಲ್ಲಿ ಜೆನ್ನಿ ಸಫ್ರನ್ ಮತ್ತು ಸಂಗಡಿಗರು ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಅಕ್ಷರಗಳ ಸರಮಾಲೆಯನ್ನು ಬರೀ ಎರಡು ನಿಮಿಷ ಕೇಳಿಸಿದರು. ಯಾವ ಅಕ್ಷರದ ಹಿಂದೆ ಯಾವುದು ಬರುತ್ತದೆ ಎಂಬುದನ್ನು ಕೂಸುಗಳು ಹಿಡಿದುಬಿಟ್ಟಿದ್ದವು. ಹಾಲು ಡೈರಿಗೆ ಹೋಯಿತು, ದೀಪ ಹಚ್ಚಿದರು, ಮುದ್ದೆ ಊಟವಾಯಿತು, ಕೈಕಾಲು ತೊಳೆದರು, ಹಾಸಿಗೆ ಹಾಸಿದರು, ಅಜ್ಜಿ ಕತೆ ಶುರು ಮಾಡಿದರು. ದಿನವೂ ಇದೇ ಸಾಲು ಬಂದರೆ ಹಾಸಿಗೆ ಹಾಸುವಾಗಲೇ ಮಗುವಿನ ಮೈ ನಿದ್ದೆಗೆ ಸಿದ್ಧವಾಗುತ್ತದೆ. ಅಮೆರಿಕದ ಜೋಡಿ ಮಿಂಡೆಲ್ ತಂಡ 2009ರಲ್ಲಿ 405 ತಾಯಂದಿರು ಮತ್ತು ಅವರ ಮಕ್ಕಳನ್ನು ಮೂರು ವಾರ ಗಮನಿಸಿತು. ಮಲಗುವ ಮುಂಚಿನ ಕ್ರಮವೊಂದನ್ನು ದಿನವೂ ಪಾಲಿಸಿದ ಮನೆಗಳಲ್ಲಿ ಮಕ್ಕಳು ಬೇಗ ನಿದ್ದೆ ಹೋದವು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು.

ಈ ಸಾಲನ್ನು ಕೆಡಿಸುವುದು ಬೆಳಕು. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಮೊನಿಕ್ ಲಬೂರ್ಜ್ವಾ ಅವರ ತಂಡ ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕು ತೋರಿಸಿದಾಗ ಮೆಲಟೋನಿನ್ ಸುಮಾರು ಶೇಕಡಾ 88ರಷ್ಟು ಕುಸಿಯಿತು. ಅದು 2018ರ ಮಾತು. 2022ರಲ್ಲಿ ಇನ್ನೂ ಮಂದವಾದ ಬೆಳಕನ್ನು ಪರೀಕ್ಷಿಸಿದರು; ಅದಕ್ಕೂ ಮೆಲಟೋನಿನ್ ಬಹಳವೇ ಇಳಿಯಿತು. ಮಕ್ಕಳ ಕಣ್ಣುಪಾಪೆ ದೊಡ್ಡದು, ಮಸೂರ ತಿಳಿ. ದೊಡ್ಡವರಿಗೆ ಏನೂ ಅನ್ನಿಸದ ಬೆಳಕು ಅವರಿಗೆ ಹಗಲು. ಮುದ್ದೆ ನುಂಗಿಸಲು ಮೊಬೈಲ್ ಕೈಗೆ ಕೊಡುವ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ರಾತ್ರಿ ಊಟಕ್ಕೆ ಮಾತ್ರ ದಯವಿಟ್ಟು ಬೇಡ.

ಒಟ್ಟು ನಿದ್ದೆ ಎಷ್ಟಿರಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಇದೆ: ಒಂದರಿಂದ ಎರಡು ವರ್ಷದವರಿಗೆ ಹಗಲಿನ ನಿದ್ದೆ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ.

ಇಷ್ಟೆಲ್ಲ ಹೇಳುವಾಗ ಮರೆಯಬಾರದ ಸಂಗತಿಯೊಂದಿದೆ. ಎಷ್ಟೋ ಮನೆಗಳ ಹೊತ್ತು ಅವರ ಕೈಯಲ್ಲಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಅಪ್ಪ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ ಮೋಟಾರು ಹಾಕಲೇಬೇಕು. ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ ಮಗು ಏಳುವ ಮೊದಲೇ ಬಸ್ಸು ಹತ್ತಿರುತ್ತಾಳೆ. ಮಗುವಿಗೆ ಕ್ರಮ ಬೇಕೇ ಹೊರತು ಅದನ್ನು ನಡೆಸುವವರು ಒಬ್ಬರೇ ಆಗಿರಬೇಕೆಂದಿಲ್ಲ. ಅಜ್ಜಿ, ತಾತ, ಚಿಕ್ಕಪ್ಪ ಯಾರಾದರೂ ಅದೇ ಸಾಲನ್ನು ಹಿಡಿದರೆ ಸಾಕು. ಮನೆಯಲ್ಲಿ ಯಾರೂ ಇಲ್ಲದವರಿಗೆ ಅಂಗನವಾಡಿ ಇದೆ; ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆಂದು ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ಯೋಜನೆಯೂ ಇದೆ. ಅಲ್ಲಿ ಊಟ, ನಿದ್ದೆಯ ಹೊತ್ತು ಏನೆಂದು ಕೇಳಿಕೊಂಡು, ರಜೆಯ ದಿನ ಮನೆಯಲ್ಲೂ ಅದನ್ನೇ ಇಟ್ಟರೆ ಮಗುವಿಗೆ ಎರಡೆರಡು ದಿನಚರಿ ಕಲಿಯುವ ಕಷ್ಟ ತಪ್ಪುತ್ತದೆ.

ಇನ್ನು ವಾರ. ದಿನಕ್ಕೆ ಸೂರ್ಯನಿದ್ದಾನೆ, ತಿಂಗಳಿಗೆ ಚಂದ್ರನಿದ್ದಾನೆ, ವಾರಕ್ಕೆ ಆಕಾಶದಲ್ಲಿ ಯಾರೂ ಇಲ್ಲ. ಅದು ಮನುಷ್ಯರು ಮಾಡಿಕೊಂಡ ಲೆಕ್ಕವಾದ್ದರಿಂದ ಮಗು ಅದನ್ನು ನಡೆಯುವ ಕೆಲಸಗಳಿಂದಲೇ ಕಲಿಯಬೇಕು. ಹಳ್ಳಿಯ ವಾರಕ್ಕೆ ಇಂಥ ಗುರುತುಗಳು ಧಾರಾಳವಾಗಿವೆ. ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಸಂತೆಯ ದಿನ ಕಡ್ಲೆಪುರಿ ಪೊಟ್ಟಣ ಬರುತ್ತದೆ. ಶನಿವಾರ ಅಕ್ಕನಿಗೆ ಬೆಳಗಿನ ಸ್ಕೂಲು. ಭಾನುವಾರ ಎಣ್ಣೆ ನೀರು. ಮನೆಯ ದೊಡ್ಡ ಕೆಲಸಗಳನ್ನೂ ಇಂಥ ದಿನಗಳಿಗೇ ಹಂಚಿಡಬಹುದು: ರಾಗಿ ಮಿಲ್ಲಿಗೆ ಹೋಗುವುದು ಸಂತೆಯ ದಿನ, ಯೂನಿಫಾರಂ ಒಗೆಯುವುದು ಶನಿವಾರ ಮಧ್ಯಾಹ್ನ. ವಾರದಲ್ಲಿ ಎರಡು ರಾತ್ರಿಯಾದರೂ ಮಲಗಿಸುವ ಕೆಲಸ ಪೂರ್ತಿ ಅಪ್ಪನದಾಗಿರಲಿ. ಎಲ್ಲ ಹೊತ್ತನ್ನೂ ತಾಯಿಯೊಬ್ಬಳೇ ನೆನಪಿಟ್ಟು ನಡೆಸಬೇಕಾದ ದಿನಚರಿ ಹೆಚ್ಚು ದಿನ ಬಾಳುವುದಿಲ್ಲ.

ಭಾನುವಾರ ಒಂಬತ್ತಕ್ಕೆ ಎಬ್ಬಿಸಿ ಸೋಮವಾರ ಆರಕ್ಕೆ ಎಬ್ಬಿಸುವುದು ಮಾತ್ರ ಬೇಡ. ಜರ್ಮನಿಯ ಟಿಲ್ ರೋನೆಬರ್ಗ್ ಇದನ್ನು ವಿಮಾನದಲ್ಲಿ ದೇಶ ದಾಟಿ ಬಂದವರ ದಣಿವಿಗೆ ಸಮ ಎನ್ನುತ್ತಾರೆ.

ಜಾತ್ರೆ, ಮದುವೆ, ಹಬ್ಬ ಬಂದಾಗ ಕ್ರಮ ತಪ್ಪುವುದು ಸಹಜ, ತಪ್ಪಲಿ. ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಏಳು ವರ್ಷದವರೆಗೆ ಗಮನಿಸಿದ ವೋನ್ ಕೆಲ್ಲಿ ತಂಡ 2013ರಲ್ಲಿ ವರದಿ ಮಾಡಿದಂತೆ, ಮಲಗುವ ಹೊತ್ತು ವರ್ಷಗಟ್ಟಲೆ ಏರುಪೇರಾಗಿದ್ದ ಮಕ್ಕಳಲ್ಲಿ ಸಿಡುಕು, ಚಂಚಲತೆಯಂಥ ತೊಂದರೆ ಹೆಚ್ಚಿತ್ತು. ಹೊತ್ತು ಸರಿಹೋದ ಮಕ್ಕಳಲ್ಲಿ ಅದು ಇಳಿದಿತ್ತು ಎಂಬುದೂ ಅದೇ ವರದಿಯಲ್ಲಿದೆ. ಜಾತ್ರೆ ಮುಗಿಸಿ ಬಂದಾಗ ಮೊದಲು ಸರಿ ಮಾಡಬೇಕಾದ್ದು ಏಳುವ ಹೊತ್ತನ್ನು. ಮಲಗುವ ಹೊತ್ತಿನ ಜೊತೆ ಜಗಳಕ್ಕಿಳಿಯಬೇಡಿ. ಬೆಳಗ್ಗೆ ಎಂದಿನಂತೆ ಎಬ್ಬಿಸಿ ಬಿಸಿಲಿಗೆ ಕರೆತನ್ನಿ, ಮಧ್ಯಾಹ್ನದ ನಿದ್ದೆ ಮೂರು ಗಂಟೆಯ ಹೊತ್ತಿಗೆ ಮುಗಿಯುವಂತೆ ನೋಡಿಕೊಳ್ಳಿ. ಹಗಲೆಲ್ಲ ಕೂಡಿಬಂದ ನಿದ್ದೆಯ ಒತ್ತಡವೇ ಮೂರು ನಾಲ್ಕು ದಿನಗಳಲ್ಲಿ ರಾತ್ರಿಯ ಹೊತ್ತನ್ನು ಹಳೆಯ ಜಾಗಕ್ಕೆ ಎಳೆದು ತರುತ್ತದೆ.