ಅನಿಲ ಕೊಳವೆ ಮಾರ್ಗ ಒಡೆದಾಗ: ಸುರಕ್ಷತಾ ಕಾನೂನಿನ ಜಾರಿ ಮತ್ತು ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

(ಶಹಾಪುರ, ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಮನೆಗೆ ಕೊಳವೆಯ ಮೂಲಕ ಅಡುಗೆ ಅನಿಲದ ಸಂಪರ್ಕ ಕೋರುವವರು, ನಳದ ಅಥವಾ ಒಳಚರಂಡಿಯ ಸಂಪರ್ಕಕ್ಕಾಗಿ ರಸ್ತೆ ಅಗೆಯಲು ಅನುಮತಿ ಕೋರುವವರು ಹಾಗೂ ಕೊಳವೆ ಮಾರ್ಗ ಹಾದುಹೋಗಿರುವ ಜಮೀನಿನ ಮಾಲೀಕರು ಹಲವು ಬಗೆಯ ಅರ್ಜಿಗಳನ್ನು ಸಲ್ಲಿಸಬೇಕಾಗುತ್ತದೆ. ಈ ಅರ್ಜಿಗಳು ಕೇವಲ ಕಚೇರಿಯ ಔಪಚಾರಿಕತೆ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಆದರೆ ಅನಿಲ ಕೊಳವೆ ಒಡೆದು ಅನಾಹುತ ಸಂಭವಿಸಿದಾಗ ತನಿಖೆ, ದಂಡ ಮತ್ತು ಪರಿಹಾರ ಇವೆಲ್ಲವೂ ಮೊದಲೇ ಸಿದ್ಧವಾಗಿರುವ ದಾಖಲೆಗಳನ್ನು ಅವಲಂಬಿಸಿರುತ್ತವೆ. ಅನಾಹುತವನ್ನು ತಪ್ಪಿಸುವುದೂ ಅನೇಕ ಬಾರಿ ಅದೇ ದಾಖಲೆಯೇ ಆಗಿರುತ್ತದೆ. ಈ ವಿಷಯವನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ. ಇದು ಶಹಾಪುರದಲ್ಲಿ ನಡೆದ ಯಾವುದೇ ಘಟನೆಯ ವರದಿಯಲ್ಲ.

2. ನಮ್ಮ ಭಾಗದ ಕೊಳವೆ ಮಾರ್ಗಗಳು

ಕೊಳವೆ ಮಾರ್ಗಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ.

ಅ) ದೂರಸಾಗಾಟದ ಮಾರ್ಗ: ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿನವರೆಗೆ ಗೇಲ್ ಸಂಸ್ಥೆಯು ಸುಮಾರು 1000 ಕಿ.ಮೀ. ಉದ್ದದ ಕೊಳವೆ ಮಾರ್ಗವನ್ನು ನಿರ್ಮಿಸಿದ್ದು, ಅದು 2013ರಲ್ಲಿ ಕಾರ್ಯಾರಂಭ ಮಾಡಿತು. ಈ ಮಾರ್ಗವು ಬೆಳಗಾವಿ ಜಿಲ್ಲೆಯ ಮೂಲಕ ರಾಜ್ಯವನ್ನು ಪ್ರವೇಶಿಸುತ್ತದೆ. ಇಂತಹ ಉಕ್ಕಿನ ಕೊಳವೆಗಳಲ್ಲಿ ಅನಿಲವು ಅತಿ ಹೆಚ್ಚಿನ ಒತ್ತಡದಲ್ಲಿ ಹರಿಯುತ್ತದೆ.

ಆ) ನಗರ ವಿತರಣಾ ಜಾಲ: ನಗರದ ರಸ್ತೆ ಮತ್ತು ಗಲ್ಲಿಗಳ ಅಡಿಯಲ್ಲಿ ಹಾದು ಮನೆಗಳಿಗೆ ಅನಿಲ ತಲುಪಿಸುವ ಜಾಲವಿದು. ಬೆಳಗಾವಿ ಜಿಲ್ಲೆಯಲ್ಲಿ ಈ ಅಧಿಕಾರವನ್ನು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು ಮೇಘಾ ಸಮೂಹಕ್ಕೆ ನೀಡಿದೆ. ಇಲ್ಲಿ ಒತ್ತಡವನ್ನು ಹಂತ ಹಂತವಾಗಿ ತಗ್ಗಿಸಲಾಗುತ್ತದೆ. ಗಲ್ಲಿಗಳಲ್ಲಿ ಬಳಸುವುದು ಬಹುತೇಕ ಪಾಲಿಎಥಿಲಿನ್ ಎಂಬ ಪ್ಲಾಸ್ಟಿಕ್‌ನ ಕೊಳವೆ. ಇದು ತುಕ್ಕು ಹಿಡಿಯುವುದಿಲ್ಲ. ಆದರೆ ಹಾರೆ, ಗುದ್ದಲಿ ಅಥವಾ ಜೆಸಿಬಿ ಯಂತ್ರದ ಒಂದೇ ಪೆಟ್ಟಿಗೆ ಸೀಳಿಹೋಗಬಲ್ಲದು.

ಶಹಾಪುರವು ಸ್ವಾತಂತ್ರ್ಯಪೂರ್ವದಲ್ಲಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಹಳೆಯ ಪೇಟೆ. ನೇಕಾರರ ಮನೆಗಳು, ಸರಾಫರ ಅಂಗಡಿಗಳು ಹಾಗೂ ಒಂದಕ್ಕೊಂದು ಗೋಡೆ ಹಂಚಿಕೊಂಡಿರುವ ವಸತಿಗಳು ಇಲ್ಲಿನ ಇಕ್ಕಟ್ಟಾದ ಗಲ್ಲಿಗಳಲ್ಲಿವೆ. ಇಂತಹ ಗಲ್ಲಿಗಳ ಅಡಿಯಲ್ಲಿ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ ಮತ್ತು ದೂರವಾಣಿ ತಂತಿಗಳಿಗೆ ಇರುವ ಸ್ಥಳವೇ ಕಡಿಮೆ. ಅನಿಲದ ಕೊಳವೆಯೂ ಅದೇ ಸ್ಥಳವನ್ನು ಹಂಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ಒಂದು ಇಲಾಖೆಯ ಅಗೆತವು ಮತ್ತೊಂದು ಸಂಸ್ಥೆಯ ಕೊಳವೆಗೆ ಅಪಾಯವಾಗುವ ಸಂಭವ ಇಲ್ಲಿ ಹೆಚ್ಚು.

3. ಕೊಳವೆ ಒಡೆಯಲು ಕಾರಣಗಳು: ಮೂರು ಘಟನೆಗಳು

ಅ) ನಗರಂ, 2014: ಆಂಧ್ರ ಪ್ರದೇಶದ ಅಂದಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಗೇಲ್ ಸಂಸ್ಥೆಯ 18 ಇಂಚಿನ ಕೊಳವೆ ಒಡೆದು ಬೆಂಕಿ ಹೊತ್ತಿಕೊಂಡಿತು. 20ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಒಣ ಅನಿಲಕ್ಕೆಂದು ನಿರ್ಮಿಸಿದ ಕೊಳವೆಯಲ್ಲಿ ತೇವಾಂಶವುಳ್ಳ ಅನಿಲವನ್ನು ಸಾಗಿಸಿದ್ದರಿಂದ ಒಳಗಿನಿಂದ ಸವೆತ ಉಂಟಾಗಿತ್ತೆಂದು ತನಿಖೆಯಲ್ಲಿ ಕಂಡುಬಂದಿತು. ಅನಿಲ ಸೋರುತ್ತಿರುವ ಬಗ್ಗೆ ತಾವು ಮೊದಲೇ ತಿಳಿಸಿದ್ದೆವೆಂದು ಗ್ರಾಮಸ್ಥರು ಹೇಳಿದರು.

ಆ) ಬೆಂಗಳೂರು, 2023: ಎಚ್.ಎಸ್.ಆರ್. ಬಡಾವಣೆಯಲ್ಲಿ 2023ರ ಮಾರ್ಚ್ ತಿಂಗಳಲ್ಲಿ ರಸ್ತೆ ಅಗೆತದ ವೇಳೆ ಅಡುಗೆ ಅನಿಲದ ಕೊಳವೆಗೆ ಹಾನಿಯಾಯಿತು. ಸೋರಿದ ಅನಿಲದಿಂದ ಸ್ಫೋಟ ಸಂಭವಿಸಿ ಸಮೀಪದ ಮನೆಯವರು ಗಾಯಗೊಂಡರು. ಅಗೆತದ ಸ್ಥಳದಲ್ಲಿ ಇಲ್ಲದವರೂ ಅದರ ಫಲವನ್ನು ಅನುಭವಿಸಬೇಕಾಯಿತು.

ಇ) ಸ್ಯಾನ್ ಬ್ರೂನೋ, 2010: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಈ ಊರಿನಲ್ಲಿ 2010ರ ಸೆಪ್ಟೆಂಬರ್ 9ರಂದು ವಸತಿ ಪ್ರದೇಶದ ಅಡಿಯಲ್ಲಿದ್ದ ಕೊಳವೆ ಒಡೆದು 8 ಜನರು ಮೃತಪಟ್ಟರು, 38 ಮನೆಗಳು ನಾಶವಾದವು. ಅನಿಲದ ಹರಿವನ್ನು ನಿಲ್ಲಿಸಲು 95 ನಿಮಿಷ ಹಿಡಿಯಿತು. ಕೊಳವೆಗೆ ಬೆಸುಗೆಯ ಜೋಡಣೆ ಇಲ್ಲವೆಂದು ಕಂಪನಿಯ ದಾಖಲೆಯಲ್ಲಿ ಬರೆದಿತ್ತು. ವಾಸ್ತವವಾಗಿ ಒಡೆದದ್ದು ದೋಷಪೂರಿತ ಬೆಸುಗೆಯೇ. 2015ರಲ್ಲಿ ಆ ರಾಜ್ಯದ ನಿಯಂತ್ರಣ ಆಯೋಗವು ಕಂಪನಿಗೆ 160 ಕೋಟಿ ಡಾಲರ್ ದಂಡ ವಿಧಿಸಿತು.

ಒಂದು ಕಡೆ ಸೋರಿಕೆಯ ಸೂಚನೆಗೆ ತಕ್ಕ ಕ್ರಮವಾಗಲಿಲ್ಲ. ಇನ್ನೊಂದು ಕಡೆ ಅಗೆಯುವ ಸ್ಥಳದಲ್ಲಿ ಕೊಳವೆಗೆ ರಕ್ಷಣೆ ದೊರೆಯಲಿಲ್ಲ. ಮತ್ತೊಂದು ಕಡೆ ದಾಖಲೆಯೇ ತಪ್ಪಾಗಿತ್ತು. ದಂಡ ಮತ್ತು ಪರಿಹಾರ ಬರುವುದು ಹಾನಿಯಾದ ನಂತರವೇ ಎಂಬುದನ್ನು ಗಮನಿಸಬೇಕು.

4. ಕೊಳವೆ ಒಡೆದ ನಂತರ ಯಾರು ಯಾವ ಕ್ರಮ ಕೈಗೊಳ್ಳುತ್ತಾರೆ?

4.1 ಕೊಳವೆ ಮಾರ್ಗದ ಸಂಸ್ಥೆ: ಕವಾಟಗಳನ್ನು ಮುಚ್ಚಿ ಅನಿಲದ ಹರಿವನ್ನು ನಿಲ್ಲಿಸುವುದು ಸಂಸ್ಥೆಯ ಮೊದಲ ಕರ್ತವ್ಯ. ತುರ್ತು ಸ್ಥಿತಿಯನ್ನು ಎದುರಿಸುವ ಯೋಜನೆಯನ್ನು ಮುಂಚಿತವಾಗಿ ಸಿದ್ಧಪಡಿಸಿಕೊಂಡಿರುವುದು ನಿಯಂತ್ರಣ ಮಂಡಳಿಯ 2010ರ ನಿಯಮಾವಳಿಯ ಪ್ರಕಾರ ಕಡ್ಡಾಯ. ಘಟನೆಯ ವರದಿಯನ್ನು ಮಂಡಳಿಗೆ ಸಲ್ಲಿಸಬೇಕು.

4.2 ಜಿಲ್ಲಾಡಳಿತ: ಜಿಲ್ಲಾಧಿಕಾರಿಗಳು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರಾಗಿರುತ್ತಾರೆ. ಜನರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದು ಹಾಗೂ ಅಗ್ನಿಶಾಮಕ, ಪೊಲೀಸ್ ಮತ್ತು ಆರೋಗ್ಯ ಇಲಾಖೆಗಳ ಕಾರ್ಯವನ್ನು ಸಮನ್ವಯಗೊಳಿಸುವುದು ಅವರ ಹೊಣೆ. ಅಪಾಯಕಾರಿ ಅಗೆತ ಅಥವಾ ಉಪದ್ರವವನ್ನು ನಿವಾರಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅನ್ವಯ ದಂಡಾಧಿಕಾರಿಗಳು ಆದೇಶ ಹೊರಡಿಸಬಹುದು.

4.3 ಪೊಲೀಸ್ ಇಲಾಖೆ: ಪ್ರಥಮ ವರ್ತಮಾನ ವರದಿ ದಾಖಲಿಸಿ ಸ್ಥಳದ ಮಹಜರು ನಡೆಸಲಾಗುತ್ತದೆ. ಬೆಂಕಿ ಅಥವಾ ದಹಿಸುವ ವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯ ತೋರುವುದು ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಅನ್ವಯ ಅಪರಾಧ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ 106ನೇ ಕಲಂ ಅನ್ವಯ 5 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಈ ಕಲಂಗಳು ಸಂಸ್ಥೆಯ ಅಧಿಕಾರಿಗಳಿಗಷ್ಟೇ ಅಲ್ಲದೆ ಗುತ್ತಿಗೆದಾರರಿಗೂ ಖಾಸಗಿ ವ್ಯಕ್ತಿಗಳಿಗೂ ಅನ್ವಯವಾಗುತ್ತವೆ.

4.4 ನಿಯಂತ್ರಣ ಮಂಡಳಿ: 2006ರ ಅಧಿನಿಯಮದ ಅಡಿಯಲ್ಲಿ ರಚಿತವಾದ ಈ ಮಂಡಳಿಯು ಕೊಳವೆಗಳ ತಾಂತ್ರಿಕ ಗುಣಮಟ್ಟ ಮತ್ತು ಸುರಕ್ಷತೆಯ ನಿಯಮಗಳನ್ನು ರೂಪಿಸುತ್ತದೆ. ಮಂಡಳಿಯ ನಿರ್ದೇಶನವನ್ನು ಉಲ್ಲಂಘಿಸಿದ ಸಂಸ್ಥೆಗೆ ಪ್ರತಿ ಉಲ್ಲಂಘನೆಗೆ 1 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು 28ನೇ ಕಲಂ ಅವಕಾಶ ನೀಡುತ್ತದೆ. ಉಲ್ಲಂಘನೆ ಮುಂದುವರಿದರೆ ದಿನವೊಂದಕ್ಕೆ 10 ಲಕ್ಷ ರೂಪಾಯಿಗಳವರೆಗೆ ಹೆಚ್ಚುವರಿ ದಂಡಕ್ಕೂ ಅವಕಾಶವಿದೆ.

ಮೇಲಿನ ಪ್ರತಿಯೊಂದು ಪ್ರಾಧಿಕಾರವೂ ಕೇಳುವ ಪ್ರಶ್ನೆಗಳು ಒಂದೇ ಬಗೆಯವು. ಅಗೆಯಲು ಅನುಮತಿ ಇತ್ತೇ? ಕೊಳವೆಯ ಸಂಸ್ಥೆಗೆ ಸೂಚನೆ ತಲುಪಿತ್ತೇ? ಕೊಳವೆಯ ನಕ್ಷೆ ಸರಿಯಾಗಿತ್ತೇ? ಸೋರಿಕೆಯ ದೂರು ಯಾವ ದಿನಾಂಕದಂದು ಬಂದಿತ್ತು? ಇವುಗಳಿಗೆ ಉತ್ತರ ಕಾಗದದ ಮೇಲೆ ಇರಬೇಕು.

5. ರಸ್ತೆ ಅಗೆಯುವ ಮುನ್ನ

ಸಾರ್ವಜನಿಕ ರಸ್ತೆಯನ್ನು ಅಗೆಯಲು ಬೆಳಗಾವಿ ಮಹಾನಗರ ಪಾಲಿಕೆಯ ಪೂರ್ವಾನುಮತಿ ಅವಶ್ಯಕ. ಅರ್ಜಿದಾರರು ಈ ಕೆಳಗಿನ ಅಂಶಗಳನ್ನು ಪಾಲಿಸಬೇಕೆಂದು ಕೋರಲಾಗಿದೆ.

(1) ಅರ್ಜಿಯಲ್ಲಿ ಅಗೆಯುವ ಸ್ಥಳ, ಉದ್ದ, ಆಳ ಮತ್ತು ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸಬೇಕು.
(2) ರಸ್ತೆಯಲ್ಲಿ ಅನಿಲದ ಕೊಳವೆ ಇದ್ದಲ್ಲಿ ಸಂಬಂಧಿಸಿದ ಸಂಸ್ಥೆಗೆ ಲಿಖಿತ ಸೂಚನೆ ನೀಡಿ, ಅವರ ಸಿಬ್ಬಂದಿಯ ಸಮಕ್ಷಮದಲ್ಲಿಯೇ ಕೆಲಸ ಆರಂಭಿಸಬೇಕು. ಅಗೆಯುವವರು ಭೂಗತ ಆಸ್ತಿಗಳ ಸಂಸ್ಥೆಗಳಿಗೆ ಮುನ್ಸೂಚನೆ ನೀಡಲೆಂದು ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಆರಂಭಿಸಿದೆ.
(3) ಅನಿಲದ ಕೊಳವೆಯನ್ನು ಸಾಮಾನ್ಯವಾಗಿ ಸುಮಾರು 1 ಮೀಟರ್ ಆಳದಲ್ಲಿ ಹಾಕಿ, ಅದರ ಮೇಲ್ಭಾಗದಲ್ಲಿ ಎಚ್ಚರಿಕೆಯ ಪಟ್ಟಿಯನ್ನು ಹಾಸಲಾಗಿರುತ್ತದೆ. ಅಗೆಯುವಾಗ ಈ ಪಟ್ಟಿ ಕಂಡುಬಂದರೆ ಕೆಲಸವನ್ನು ಕೂಡಲೇ ನಿಲ್ಲಿಸಬೇಕು. ಆದರೆ ರಸ್ತೆಯನ್ನು ಮತ್ತೆ ಮತ್ತೆ ಅಗೆದಿರುವ ಸ್ಥಳಗಳಲ್ಲಿ ಪಟ್ಟಿ ಇಲ್ಲದಿರಬಹುದು, ಆಳವೂ ಬದಲಾಗಿರಬಹುದು. ಆದ್ದರಿಂದ ಪಟ್ಟಿ ಕಾಣಲಿಲ್ಲವೆಂದು ಯಂತ್ರವನ್ನು ಬಳಸಬಾರದು.
(4) ಗಣೇಶೋತ್ಸವ ಮುಂತಾದ ಉತ್ಸವಗಳ ಮಂಟಪಕ್ಕೆ ರಸ್ತೆಯಲ್ಲಿ ಕಂಬ ನೆಡುವುದೂ ಅಗೆತವೇ ಆಗಿದೆ. ಉತ್ಸವ ಮಂಡಳಿಗಳು ಮಂಟಪದ ಅನುಮತಿಗೆ ಅರ್ಜಿ ಸಲ್ಲಿಸುವಾಗಲೇ ಕಂಬಗಳ ಸ್ಥಳವನ್ನು ತೋರಿಸತಕ್ಕದ್ದು.
(5) ಕೊಳವೆಗೆ ಸಣ್ಣ ಗೀರು ಬಿದ್ದರೂ ಮಣ್ಣು ಮುಚ್ಚಿ ಹೋಗಬಾರದು. ಅಂದು ಸೋರದ ಕೊಳವೆ ತಿಂಗಳುಗಳ ನಂತರ ಅದೇ ಗೀರಿನಲ್ಲಿ ಒಡೆಯಬಹುದು. ಕೂಡಲೇ ತಿಳಿಸಿದಲ್ಲಿ ದುರಸ್ತಿ ಸುಲಭವಾಗುತ್ತದೆ.

6. ಜಮೀನಿನಲ್ಲಿ ಕೊಳವೆ ಮಾರ್ಗ ಇರುವವರಿಗೆ

ದೂರಸಾಗಾಟದ ಕೊಳವೆಗಾಗಿ 1962ರ ಪೆಟ್ರೋಲಿಯಂ ಮತ್ತು ಖನಿಜಗಳ ಕೊಳವೆ ಮಾರ್ಗ (ಭೂಮಿಯಲ್ಲಿ ಬಳಕೆದಾರರ ಹಕ್ಕಿನ ಸ್ವಾಧೀನ) ಅಧಿನಿಯಮದಂತೆ ಜಮೀನಿನ ಬಳಕೆಯ ಹಕ್ಕನ್ನು ಮಾತ್ರ ಪಡೆಯಲಾಗುತ್ತದೆ. ಮಾಲೀಕತ್ವವು ರೈತರಲ್ಲಿಯೇ ಉಳಿಯುತ್ತದೆ. ಆ ಪಟ್ಟೆಯಲ್ಲಿ ಬೇಸಾಯ ಮಾಡಬಹುದು. ಆದರೆ 9ನೇ ಕಲಂ ಪ್ರಕಾರ ಕಟ್ಟಡ ಕಟ್ಟುವುದು, ಬಾವಿ ಅಥವಾ ಕೆರೆ ತೋಡುವುದು ಹಾಗೂ ಮರ ನೆಡುವುದನ್ನು ನಿಷೇಧಿಸಲಾಗಿದೆ. ಬಳಕೆಯ ಹಕ್ಕಿಗಾಗಿ ಜಮೀನಿನ ಮಾರುಕಟ್ಟೆ ಮೌಲ್ಯದ ಶೇ. 10ರಷ್ಟು ಮತ್ತು ಬೆಳೆ ಮುಂತಾದವುಗಳಿಗೆ ಆದ ಹಾನಿಗೆ ಪ್ರತ್ಯೇಕ ಪರಿಹಾರವನ್ನು 10ನೇ ಕಲಂ ಒದಗಿಸುತ್ತದೆ. ಸಕ್ಷಮ ಪ್ರಾಧಿಕಾರವು ನಿಗದಿಪಡಿಸಿದ ಮೊತ್ತಕ್ಕೆ ಒಪ್ಪಿಗೆ ಇಲ್ಲದವರು ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಸಲ್ಲಿಸಬಹುದು. ಉದ್ದೇಶಪೂರ್ವಕವಾಗಿ ಕೊಳವೆಗೆ ಹಾನಿ ಮಾಡುವವರಿಗೆ 2011ರ ತಿದ್ದುಪಡಿಯಂತೆ 10 ವರ್ಷಗಳವರೆಗೆ ಕಠಿಣ ಸೆರೆವಾಸದ ಶಿಕ್ಷೆ ಇದೆ.

ಜಮೀನು ಖರೀದಿಸುವವರು ಕೊಳವೆ ಮಾರ್ಗದ ಗುರುತುಕಲ್ಲುಗಳನ್ನು ಪರಿಶೀಲಿಸಬೇಕು. ದೂರಸಾಗಾಟದ ಕೊಳವೆಯ ಅನಿಲಕ್ಕೆ ವಾಸನೆ ಇರದೇ ಇರಬಹುದು. ನೆಲದಿಂದ ಬುಸುಗುಟ್ಟುವ ಶಬ್ದ, ನಿಂತ ನೀರಿನಲ್ಲಿ ಗುಳ್ಳೆಗಳು, ಧೂಳು ಮೇಲೇಳುವುದು ಅಥವಾ ಒಂದೆಡೆ ಮಾತ್ರ ಬೆಳೆ ಒಣಗುವುದು ಸೋರಿಕೆಯ ಲಕ್ಷಣಗಳಾಗಿರಬಹುದು.

7. ಮನೆಯ ಸಂಪರ್ಕ ಪಡೆಯುವವರಿಗೆ

ಸಂಪರ್ಕ ನೀಡುವ ದಿನ ಕೊಳವೆಯ ಸೋರಿಕೆ ಪರೀಕ್ಷೆಯನ್ನು ತಮ್ಮ ಎದುರಿನಲ್ಲಿಯೇ ನಡೆಸುವಂತೆ ಕೇಳಿ, ವರದಿಯ ಪ್ರತಿಯನ್ನು ಇಟ್ಟುಕೊಳ್ಳಬೇಕು. ಮೀಟರ್ ಮತ್ತು ಕವಾಟಕ್ಕೆ ಕೈ ಸುಲಭವಾಗಿ ತಲುಪುವಂತಿರಬೇಕು. ಅಡುಗೆಮನೆಯ ಗಾಳಿಕಿಂಡಿಯನ್ನು ಮುಚ್ಚಬಾರದು. ಸಿಲಿಂಡರಿನ ಒಲೆಯನ್ನು ಸಂಸ್ಥೆಯ ತಂತ್ರಜ್ಞರು ಮಾರ್ಪಡಿಸಿದ ನಂತರವೇ ಬಳಸಬೇಕು. ಮನೆ ದುರಸ್ತಿಯ ಕಾಲದಲ್ಲಿ ಕೊಳವೆಯನ್ನು ಸ್ವತಃ ಸರಿಸುವುದಾಗಲಿ, ಗೋಡೆಯೊಳಗೆ ಮುಚ್ಚುವುದಾಗಲಿ ಕೂಡದು.

8. ಸೋರಿಕೆ ಕಂಡುಬಂದಾಗ

ನೈಸರ್ಗಿಕ ಅನಿಲವು ಗಾಳಿಗಿಂತ ಹಗುರ. ಅದು ಮೇಲಕ್ಕೇರಿ ಛಾವಣಿಯ ಬಳಿ ಸೇರಿಕೊಳ್ಳುತ್ತದೆ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾಗಿದ್ದು ನೆಲಮಟ್ಟದಲ್ಲಿ ಹರಡುತ್ತದೆ. ಗಾಳಿಯಲ್ಲಿ ನೈಸರ್ಗಿಕ ಅನಿಲದ ಪ್ರಮಾಣ ಶೇ. 5ರಿಂದ 15ರಷ್ಟಿದ್ದಾಗ ಒಂದು ಕಿಡಿಯಿಂದಲೂ ಸ್ಫೋಟವಾಗಬಹುದು. ನೆಲದಡಿಯಲ್ಲಿ ಸೋರಿದ ಅನಿಲವು ಚರಂಡಿ ಅಥವಾ ತಂತಿಯ ಕೊಳವೆಯ ಮೂಲಕ ದೂರದ ಮನೆಯನ್ನೂ ಪ್ರವೇಶಿಸಬಹುದು. ಆದ್ದರಿಂದ:

(1) ಒಲೆ, ದೀಪ, ಅಕ್ಕಸಾಲೆಯ ಕುಲುಮೆ ಇತ್ಯಾದಿ ಎಲ್ಲ ಬೆಂಕಿಯನ್ನು ಆರಿಸಬೇಕು.
(2) ವಿದ್ಯುತ್ ಸ್ವಿಚ್ಚುಗಳನ್ನು ಹಾಕಲೂ ಬಾರದು, ತೆಗೆಯಲೂ ಬಾರದು.
(3) ಸುರಕ್ಷಿತವಾಗಿದ್ದಲ್ಲಿ ಮನೆಯ ಕವಾಟ ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಗೆ ಬರಬೇಕು. ನೆರೆಹೊರೆಯವರನ್ನು ಎಚ್ಚರಿಸಬೇಕು.
(4) ದೂರಕ್ಕೆ ಹೋದ ನಂತರ ಸಂಸ್ಥೆಯ ತುರ್ತು ಸಂಖ್ಯೆಗೆ ಹಾಗೂ 112 ಅಥವಾ ಅಗ್ನಿಶಾಮಕ ದಳದ 101 ಸಂಖ್ಯೆಗೆ ಕರೆ ಮಾಡಬೇಕು. ಗಾಯಾಳುಗಳಿದ್ದಲ್ಲಿ 108ಕ್ಕೆ ಕರೆ ಮಾಡಬೇಕು.
(5) ರಸ್ತೆಯಲ್ಲಿ ಒಡೆದ ಕೊಳವೆಯನ್ನು ಮಣ್ಣು ಅಥವಾ ಬಟ್ಟೆಯಿಂದ ಮುಚ್ಚಲು ಪ್ರಯತ್ನಿಸಬಾರದು. ಹೊತ್ತಿ ಉರಿಯುತ್ತಿರುವ ಅನಿಲವನ್ನು ಸ್ವತಃ ಆರಿಸಲು ಹೋಗಬಾರದು. ಹರಿವು ನಿಲ್ಲದೆ ಜ್ವಾಲೆ ಮಾತ್ರ ಆರಿದರೆ ಅನಿಲ ಸಂಗ್ರಹವಾಗಿ ಸ್ಫೋಟವಾಗುವ ಅಪಾಯವಿದೆ.

9. ದೂರು, ಮಾಹಿತಿ ಮತ್ತು ಪರಿಹಾರ

ದೂರವಾಣಿಯಲ್ಲಿ ದೂರು ನೀಡಿದವರು ದೂರಿನ ಸಂಖ್ಯೆ, ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಬೇಕು. ಲಿಖಿತ ದೂರಿಗೆ ಸ್ವೀಕೃತಿ ಪಡೆಯಬೇಕು. ಪೊಲೀಸ್ ಠಾಣೆಯಲ್ಲಿ ವರ್ತಮಾನ ನೀಡಿದವರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ನೀಡಲಾಗುತ್ತದೆ. ಅಗೆತದ ಅನುಮತಿ ಮುಂತಾದ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ, ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದಲ್ಲಿ 48 ಗಂಟೆಗಳೊಳಗೆ ಉತ್ತರಿಸತಕ್ಕದ್ದು. ಸೇವೆಯಲ್ಲಿ ನ್ಯೂನತೆ ಇದ್ದಲ್ಲಿ ಗ್ರಾಹಕರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸಬಹುದು. ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮ, 1991 ಅನ್ವಯವಾಗುವ ಅಪಘಾತಗಳಲ್ಲಿ, ಯಾರ ತಪ್ಪೆಂದು ಸಾಬೀತುಪಡಿಸುವ ಅಗತ್ಯವಿಲ್ಲದೆ, 5 ವರ್ಷಗಳೊಳಗೆ ಜಿಲ್ಲಾಧಿಕಾರಿಗಳಿಗೆ ಪರಿಹಾರದ ಅರ್ಜಿ ಸಲ್ಲಿಸಬಹುದು.

10. ಸಾರ್ವಜನಿಕರಲ್ಲಿ ಮನವಿ

ದಂಡವು ತಪ್ಪಿತಸ್ಥರನ್ನು ಶಿಕ್ಷಿಸಬಲ್ಲದು. ಪರಿಹಾರವು ಕುಟುಂಬಕ್ಕೆ ಆಸರೆಯಾಗಬಲ್ಲದು. ಆದರೆ ಹೋದ ಜೀವವನ್ನು ಯಾವ ಕಾನೂನೂ ಮರಳಿ ತರಲಾರದು. ಅಗೆಯುವ ಮುನ್ನ ಸಲ್ಲಿಸಿದ ಒಂದು ಅರ್ಜಿ, ವಾಸನೆ ಬಂದ ಕೂಡಲೇ ಮಾಡಿದ ಒಂದು ಕರೆ ಮತ್ತು ಜೋಪಾನವಾಗಿಟ್ಟ ಒಂದು ಸ್ವೀಕೃತಿ ಇವು ಇಡೀ ಗಲ್ಲಿಯ ರಕ್ಷಣೆಗೆ ನೆರವಾಗುತ್ತವೆ. ನಾಗರಿಕರು ಮೇಲಿನ ಅಂಶಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.