ಬೀಗ ಬಿದ್ದ ಅಂಗಡಿಯ ಬಾಡಿಗೆ

2020ನೆಯ ಇಸವಿ ಮಾರ್ಚ್ 25ರಂದು ಕೊರೋನಾ ನಿಮಿತ್ತ ದೇಶಕ್ಕೆಲ್ಲ ಲಾಕ್‌ಡೌನ್ ಜಾರಿಗೆ ಬಂದಿತು. ಅಂಗಡಿಯೇ ತೆರೆಯದಿರುವಾಗ ಬಾಡಿಗೆಯೇಕೆ? ಕೆಲಸವೇ ನಡೆಯದಿರುವಾಗ ಸಂಬಳವೇಕೆ? ಈ ಎರಡು ಪ್ರಶ್ನೆಗಳಿಗೆ ಕಾನೂನು ಕೊಟ್ಟ ಉತ್ತರವನ್ನು ವಾಚಕರ ಮುಂದಿಡಬಯಸುತ್ತೇನೆ.

ಮೊದಲು ಬಾಡಿಗೆ. ನೆರವೇರಿಸಲು ಅಸಾಧ್ಯವಾದ ಕರಾರು ರದ್ದಾಗುವುದೆಂದು 1872ರ ಕರಾರು ಕಾಯಿದೆಯ 56ನೆಯ ಕಲಮು ಹೇಳುತ್ತದೆ. ಆದರೆ ಬಾಡಿಗೆಗೆ ಕೊಟ್ಟ ಕಟ್ಟಡಕ್ಕೆ ಅದು ಅನ್ವಯಿಸದು. ಅದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯುಂಟು. ಅದರಂತೆ ಬೆಂಕಿ, ಪ್ರವಾಹ ಮುಂತಾದವುಗಳಿಂದ ಕಟ್ಟಡವು ನಾಶವಾದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ ಬಾಡಿಗೆದಾರನು ಕರಾರನ್ನು ಕೈಬಿಡಬಹುದು. ಬೀಗ ಬಿದ್ದ ಮಾತ್ರಕ್ಕೆ ಕಟ್ಟಡ ನಾಶವಾಗಲಿಲ್ಲವಷ್ಟೆ! ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2020ರ ಮೇ ತಿಂಗಳಲ್ಲಿ ಬಾಡಿಗೆಯನ್ನು ತಡೆಹಿಡಿಯಲು ಒಪ್ಪದೆ, ಪಾವತಿಗೆ ಕಾಲಾವಕಾಶ ಮಾತ್ರ ಕೊಟ್ಟಿತು. ಕರಾರಿನಲ್ಲಿಯೇ ವಿನಾಯಿತಿಯ ಷರತ್ತಿದ್ದರೆ ಮಾತು ಬೇರೆ.

ಇನ್ನು ಸಂಬಳ. ಮುಚ್ಚಿದ ಅವಧಿಗೂ ಕಡಿತವಿಲ್ಲದೆ ಸಂಬಳ ಕೊಡಬೇಕೆಂದು ಕೇಂದ್ರ ಸರಕಾರವು ಮಾರ್ಚ್ 29ರಂದು 2005ರ ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ಆಜ್ಞೆ ಹೊರಡಿಸಿತು. ಕೆಲಸಗಾರರನ್ನು ಒಂದು ತಿಂಗಳು ಮನೆಬಾಡಿಗೆ ಕೇಳಕೂಡದು, ಅವರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆಯಿಂದ ಹೊರಡಿಸಕೂಡದು ಎಂಬುದೂ ಅದರಲ್ಲಿತ್ತು. ಮೇ 18ರಿಂದ ಆ ಆಜ್ಞೆ ನಿಂತಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರ ಮೇಲೆ ಬಲವಂತದ ಕ್ರಮ ಸಲ್ಲದು, ಉಭಯತರೂ ಮಾತನಾಡಿ ಇತ್ಯರ್ಥ ಮಾಡಿಕೊಳ್ಳಲಿ ಎಂದಿತು.

ಮಾತುಕತೆ ಒಳ್ಳೆಯದೇ. ಆದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲದ ದಿನಗೂಲಿಯವನು ಯಾವ ಬಲದಿಂದ ಮಾತನಾಡಿಯಾನು? ಕರಾರನ್ನು ಬರೆಯಿಸಿಕೊಳ್ಳಬೇಕು, ಸಹಿಗೆ ಮುಂಚೆ ಓದಬೇಕು. ಓದಲಾರದವರಿಗೆ ಓದಿ ಹೇಳುವುದು ವಿದ್ಯಾವಂತರಾದ ನಮ್ಮ ಕರ್ತವ್ಯವೆಂದು ನಾನು ನಂಬಿದ್ದೇನೆ.