ವಾಕಿಟಾಕಿಯಲ್ಲಿ ಮಾತನಾಡುವ ರೀತಿ



ಮಳೆಗಾಲದಲ್ಲಿ ವರದೆ, ತುಂಗಭದ್ರೆಯರು ದಂಡೆ ಮೀರುವುದು ಹಾವೇರಿ, ರಾಣೇಬೆನ್ನೂರು ತಾಲೂಕಿನವರಿಗೆ ಹೊಸ ಸಂಗತಿಯಲ್ಲ. 2019ರ ಆಗಸ್ಟ್ ತಿಂಗಳ ನೆರೆಯನ್ನು ಅನೇಕರು ಕಂಡಿದ್ದೀರಿ. ಕೈಯಲ್ಲಿ ಮೊಬೈಲ್ ಇರುವಾಗ ವಾಕಿಟಾಕಿ ಏಕೆಂದು ಕೇಳಬಹುದು. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಮೊಬೈಲು ಮೂಕವಾಗುತ್ತದೆ. ವಾಕಿಟಾಕಿಗೆ ಟವರು ಬೇಡ. ಒಬ್ಬನು ಆಡಿದ್ದು ಎಲ್ಲ ನೌಕರರಿಗೂ ಸ್ವಯಂಸೇವಕರಿಗೂ ಒಮ್ಮೆಲೇ ಮುಟ್ಟುತ್ತದೆ.

ಆದರೆ ಇದರಲ್ಲಿ ಒಂದು ಸಲಕ್ಕೆ ಒಬ್ಬನೇ ಮಾತನಾಡಬಹುದು. ಗುಂಡಿ ಒತ್ತಿದವನಿಗೆ ಬೇರೆಯವರ ದನಿ ಕೇಳದು. ಇಬ್ಬರು ಕೂಡಿಯೇ ಒತ್ತಿದರೆ ಯಾರ ಮಾತೂ ತಿಳಿಯದು. ಆದ್ದರಿಂದ ಮೊದಲು ಕಿವಿಗೊಟ್ಟು, ಯಾರೂ ಮಾತನಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಗುಂಡಿ ಒತ್ತಬೇಕು. ಒತ್ತಿದೊಡನೆ ಮಾತು ತೆಗೆದರೆ ಮೊದಲ ಅಕ್ಷರ ನುಂಗಿ ಹೋಗುತ್ತದೆ. ಒಂದು ಎಣಿಸುವಷ್ಟು ತಡೆಯಿರಿ. ಮಾತು ಪೂರ್ತಿ ಮುಗಿದ ಮೇಲೆಯೇ ಬೆರಳು ತೆಗೆಯತಕ್ಕದ್ದು.

ಈ ಕೊನೆಯ ಸಂಗತಿ ಕನ್ನಡಿಗರಿಗೆ ಬಹಳ ಮುಖ್ಯ. ನಮ್ಮ ಮಾತಿನಲ್ಲಿ 'ಬೇಡ', 'ಇಲ್ಲ' ಎಂಬುವು ತುದಿಗೆ ಬರುತ್ತವೆ. "ಹಳ್ಳ ದಾಟಬ್ಯಾಡ್ರಿ" ಎನ್ನುವಾಗ ಅವಸರದಿಂದ ಬೆರಳು ತೆಗೆದರೆ ಆಚೆಯವನಿಗೆ "ಹಳ್ಳ ದಾಟ..." ಎಂದಷ್ಟೇ ಕೇಳುತ್ತದೆ. ಚಕ್ಕಡಿ ಹೂಡಿಕೊಂಡು ನಿಂತವನು ಏನು ತಿಳಿದಾನು? "ನಿಲ್ರಿ, ನಿಲ್ರಿ. ಹಳ್ಳ ತುಂಬೇತಿ" ಎನ್ನಿರಿ. ಗದ್ದಲದಲ್ಲಿ 'ಬೇಕು', 'ಬೇಡ' ಒಂದರಂತೊಂದು ಕೇಳುತ್ತವೆ; "ದೋಣಿ ಕಳಿಸ್ರಿ" ಎಂದರೆ ಸಂಶಯವಿಲ್ಲ. ಎಂಬತ್ತು, ತೊಂಬತ್ತೂ ಹಾಗೆಯೇ. "ಎಂಟು, ಸೊನ್ನೆ" ಎಂದು ಬಿಡಿಸಿ ಹೇಳಬೇಕು. ಕೇಳಿದವನು ಬರೇ "ಆತು" ಎಂದರೆ ಸಾಲದು. "ಕೆಳಗಿನ ಓಣಿ, ಎಂಟು ಮಂದಿ, ನಾಲ್ಕು ಎಮ್ಮೆ" ಎಂದು ಕೇಳಿದ್ದನ್ನೇ ತಿರುಗಿ ಒಪ್ಪಿಸಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು.

ಕರೆಯುವಾಗ ಯಾರಿಗೆ ಎಂಬುದು ಮೊದಲು, ಯಾರಿಂದ ಎಂಬುದು ನಂತರ: "ಶಾಲೆ, ಶಾಲೆ, ಇದು ಗುಡಿ ಕಟ್ಟೆ." ಆಳಿನ ಹೆಸರಿಗಿಂತ ಸ್ಥಳದ ಹೆಸರೇ ಒಳ್ಳೆಯದು. ಪಾಳಿ ಬದಲಾದರೂ ಸ್ಥಳ ಬದಲಾಗದು; ಮೇಲಾಗಿ ಬಸಪ್ಪ ಎಂದು ಕೂಗಿದರೆ ಯಾವ ಊರಿನಲ್ಲಾದರೂ ಮೂವರು ಓಗೊಟ್ಟಾರು!

446.0ರಿಂದ 446.2 ಮೆಗಾಹರ್ಟ್ಸ್ ಅಲೆಯ, ಅರ್ಧ ವ್ಯಾಟ್ ಶಕ್ತಿಯ ಯಂತ್ರಗಳಿಗೆ 2018ರಿಂದ ಪರವಾನಿಗೆಯ ಅವಶ್ಯಕತೆ ಇಲ್ಲ. ದೂರ ಮುಟ್ಟುತ್ತದೆ, ಅಗ್ಗವಾಗಿದೆ ಎಂದು ಯಾರೋ ಮಾರುವ ಹೆಚ್ಚು ಶಕ್ತಿಯ ಯಂತ್ರವನ್ನು ವಿಚಾರಿಸದೆ ಕೊಳ್ಳಬೇಡಿರಿ. ಅರ್ಧ ವ್ಯಾಟಿನದು ಬಯಲಿನಲ್ಲಿ ಒಂದೆರಡು ಕಿಲೋಮೀಟರ್ ಮುಟ್ಟೀತು. ಮನೆಗಳ ನಡುವೆ, ಗಿಡಗಳ ಮರೆಯಲ್ಲಿ ಅದಕ್ಕೂ ಕಡಿಮೆ. ಮಾಳಿಗೆ ಇಲ್ಲವೆ ದಿಬ್ಬ ಏರಿದರೆ ದನಿ ಮುಂದೆ ಹೋಗುತ್ತದೆ. ನದಿಯ ದಂಡೆಗೂ ಊರಿಗೂ ನಡುವೆ ಎತ್ತರದಲ್ಲಿ ಒಬ್ಬನನ್ನು ನಿಲ್ಲಿಸಿದರೆ ಅವನು ಇತ್ತಲಿನ ಮಾತನ್ನು ಅತ್ತ ದಾಟಿಸಬಲ್ಲನು.

ನೆರೆ ಬಂದ ದಿನವೇ ಇದನ್ನೆಲ್ಲ ಕಲಿಯಲಾಗದು. ಊರ ಜಾತ್ರೆಯಲ್ಲಿ ರೂಢಿ ಮಾಡಿರಿ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಸುಗ್ಗಿಯ ದಿನ ಲಕ್ಷಕ್ಕೂ ಮಿಕ್ಕಿ ಚೀಲ ಬಂದಾಗ ಗಾಡಿಗಳನ್ನು ಸಾಲಿಗೆ ಬಿಡುವವರಿಗೂ ಇದೇ ರೀತಿ ಒದಗುತ್ತದೆ. ಕೇಳುವುದಕ್ಕಿಂತ ಮಾತನಾಡುವುದಕ್ಕೆ ಬ್ಯಾಟರಿ ಹೆಚ್ಚು ಖರ್ಚಾಗುವುದರಿಂದ ಕುಶಲ ವಿಚಾರಣೆ ಆಮೇಲೆ ಇರಲಿ. ಮಳೆಯಲ್ಲಿ ಯಂತ್ರವನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟೇ ಮಾತನಾಡಬಹುದು.